ಹರಿಹರದ ಕಚೇರಿಯಲ್ಲಿ ನೀಲಮ್ಮನ ಒಡಪು

ದಾವಣಗೆರೆಯಲ್ಲಿ ನಾನು ಆಡಿದ ಮೊದಲ ಪೂರ್ತಿ ಸೆಂಟೆನ್ಸಿಗೇ ನಲ್ಲಿಯ ಸುತ್ತ ನಿಂತಿದ್ದ ಹೆಂಗಸರೆಲ್ಲ ಒಟ್ಟಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಹಿಂದಿನ ದಿನವಷ್ಟೇ ಊರಿಗೆ ಬಂದು, ಸದ್ಯಕ್ಕೆ ಪರಿಚಯದವರೊಬ್ಬರ ಮನೆಯಲ್ಲಿ ಇಳಿದಿದ್ದೆವು. ಕೊಡ ತುಂಬುವ ಸರದಿ ಕಾಯುತ್ತಿದ್ದಾಗ ಒಬ್ಬಾಕೆ ನನ್ನ ಕರಿಮಣಿಯನ್ನು ನೋಡಿ, ನಗು ತಡೆದುಕೊಂಡು, "ನಿಮ್ಮ ಮನೆಯೋರ ಹೆಸರು ಹೇಳ್ರಿ ನೋಡಾನ" ಅಂದಳು. ಪ್ರಶ್ನೆ ಕೇಳಿದರೆ ಕಣ್ಣಲ್ಲಿ ಕಣ್ಣಿಟ್ಟು, ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಬೇಕೆಂದು ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ಹಾಗೆಯೇ ಕೊಟ್ಟೆ. "ನನ್ನ ಗಂಡನ ಹೆಸರು ಸಂಜೀವ ಶೆಟ್ಟಿ."

"ಅಯ್ಯ ಶಿವನೇ! ಹಂಗೇ ಹೇಳಿಬಿಟ್ರಲ್ರಿ!" ಎಂದಳು ಕೇಳಿದವಳು.

"ಆಯುಷ್ಯ ಕಡಿಮಿ ಆಗ್ತೈತೆ ಕಣ್ರವ್ವ" ಎಂದು ಒಬ್ಬ ಅಜ್ಜಿ ನಿಜವಾದ ಮರುಕದಿಂದ ನನ್ನ ಮುಖ ನೋಡಿದಳು.

ಅವರು ಕೇಳಿದ್ದು ಹೆಸರನ್ನಲ್ಲ, ಒಡಪನ್ನು. ಒಡಪು ಎಂದರೆ ಏನೆಂದು ಕರಾವಳಿಯ ನಿಮಗೆ ಹೇಳಬೇಕು. ಈ ಸೀಮೆಯ ಹೆಂಗಸು ಗಂಡನ ಹೆಸರನ್ನು ಬರಿದೇ ಬಾಯಿಗೆ ತರುವುದಿಲ್ಲ. ಮದುವೆಯಲ್ಲಿ, ಆರತಿಯಲ್ಲಿ ಗೆಳತಿಯರು ಅಡ್ಡಗಟ್ಟಿ ಪೀಡಿಸಿದಾಗ ನಾಲ್ಕು ಸಾಲಿನ ಪ್ರಾಸ ಕಟ್ಟಿ, ಕೊನೆಯ ಸಾಲಿನಲ್ಲಿ ಹೆಸರನ್ನು ಮೆಲ್ಲನೆ ಇಳಿಸಿಬಿಡುತ್ತಾಳೆ. ಪ್ರಾಸದ ಮರೆಯಲ್ಲಿ ಹೇಳಿದರೆ ದೋಷವಿಲ್ಲ. ಚೆನ್ನಾಗಿ ಹೇಳಿದವಳಿಗೆ ಓಣಿಯಲ್ಲಿ ಒಂದು ಘನತೆಯೂ ಉಂಟು. ನಾನೋ, ಬಸ್ಸಿನ ಕಂಡಕ್ಟರನಿಗೆ ಊರಿನ ಹೆಸರು ಹೇಳಿದ ಹಾಗೆ ಹೇಳಿಬಿಟ್ಟಿದ್ದೆ. ಆ ಕೊಡ ಹೊತ್ತು ಮನೆಗೆ ಬಂದು ನನ್ನವರ ಮುಂದೆ ಸುಮ್ಮನೆ ಅತ್ತೆ. ಅವರು ನಕ್ಕರು. "ನಿನ್ನ ಬಾಯಲ್ಲಿ ನನ್ನ ಆಯುಷ್ಯ ಗಟ್ಟಿ ಉಂಟು, ಬಿಡು" ಅಂದರು.

ಅದು ಐವತ್ತರ ದಶಕದ ಮೊದಲ ಅರ್ಧ. ನನ್ನವರಿಗೆ ಇಲ್ಲಿಯ ಒಂದು ಹತ್ತಿಯ ಗಿರಣಿಯಲ್ಲಿ ನೂಲುವ ವಿಭಾಗದ ಕೆಲಸ ಸಿಕ್ಕಿತ್ತು. ಘಟ್ಟ ಹತ್ತಿ, ಶಿವಮೊಗ್ಗ ದಾಟಿ, ಬಸ್ಸಿನ ಕಿಟಕಿಯಲ್ಲಿ ಹಸಿರು ತೆಳುವಾಗುತ್ತಾ ಹೋಗಿ ಕೊನೆಗೆ ಕಪ್ಪು ಮಣ್ಣು ಕಂಡಾಗ ನಾನು ನನ್ನವರ ತೋಳು ಹಿಡಿದುಕೊಂಡೆ. ಆಗ ನಮ್ಮ ಮಂಗಳೂರು ಮದ್ರಾಸ್ ರಾಜ್ಯ, ದಾವಣಗೆರೆ ಮೈಸೂರು ರಾಜ್ಯ. ಹರಿಹರದ ಸೇತುವೆ ದಾಟಿದರೆ ಹೊಳೆಯ ಆಚೆ ದಡ ಬೊಂಬಾಯಿ ರಾಜ್ಯ. ಮೂರು ಕಡೆಯವರೂ ಕನ್ನಡವನ್ನೇ ಆಡುತ್ತಿದ್ದೆವು, ಆದರೂ ಓಣಿಯಲ್ಲಿ ನಾನು "ಮದ್ರಾಸಿನಾಕಿ". ನನ್ನ ಕನ್ನಡ ಕೇಳಿ ಮಕ್ಕಳು "ಪುಸ್ತಕ ಓದಿದಂಗೆ ಮಾತಾಡ್ತಾರೆ" ಎಂದು ಹಿಂದೆ ಹಿಂದೆ ಬರುತ್ತಿದ್ದವು. "ಉಂಟು" ಅಂದರೆ ಸಾಕು, ಅಂಗಡಿಯವನೂ ಮುಗುಳ್ನಗುತ್ತಿದ್ದ.

ಮನೆ ಸಿಕ್ಕುವುದು ಸುಲಭವಾಗಲಿಲ್ಲ. ಶೆಟ್ಟಿ ಎಂಬ ಹೆಸರು ಕೇಳಿ, ವ್ಯಾಪಾರದ ಮನೆತನದವರೆಂದು ತಿಳಿದು, ಎರಡು ಕಡೆ ಸಂತೋಷದಿಂದಲೇ ಒಳಗೆ ಕರೆದರು. "ಮನೆಯಲ್ಲಿ ಮೀನು ಮಾಡುತ್ತೇವೆ" ಅಂತ ನಾನು ಮೊದಲೇ ಹೇಳಿದ ಕೂಡಲೇ ಸಂತೋಷ ಹೊರಟುಹೋಯಿತು. ಬೈದವರು ಯಾರೂ ಇಲ್ಲ. "ಬ್ಯಾಡ್ರಿ ತಾಯಿ, ನಮಗೆ ಒಗ್ಗಲ್ಲ" ಎಂದು ಕೈಮುಗಿದರು, ಅಷ್ಟೇ. ಕೊನೆಗೆ ಮನೆ ಕೊಟ್ಟವಳು ಫಾತಿಮಾಬೀ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವ ಮನೆತನದ ವಿಧವೆ. ಹಳೇ ಊರಿನ ಓಣಿಯಲ್ಲಿ ಒಂದೇ ಅಂಗಳಕ್ಕೆ ಮುಖ ಮಾಡಿದ ಮೂರು ಮನೆ ಆಕೆಯವು. ನಡುವಿನದರಲ್ಲಿ ಆಕೆ, ಎಡಗಡೆ ನಾವು, ಬಲಗಡೆ ನೀಲಮ್ಮ ಮತ್ತು ಆಕೆಯ ಗಂಡ.

"ಮೀನು ಮಾಡ್ಕೋ ಬೇಟಿ, ಏನೂ ಫಿಕರ್ ಇಲ್ಲ. ಮಾಡಿದಾಗ ಮಾತ್ರ ನನಗೂ ಒಂದು ತುಂಡು" ಅಂದಿದ್ದಳು ಫಾತಿಮಾಬೀ. ಆದರೆ ಮೀನೆಲ್ಲಿ? ಹರಿಹರದಿಂದ ಬುಟ್ಟಿಯಲ್ಲಿ ಬರುವುದು ಹೊಳೆಯ ಮೀನು. ಅದಕ್ಕೆ ಕಡಲಿನ ವಾಸನೆಯೇ ಇಲ್ಲ. ಕುಚ್ಚಲಕ್ಕಿ ಯಾವ ಅಂಗಡಿಯಲ್ಲೂ ಇಲ್ಲ. ತೆಂಗಿನಕಾಯಿಯನ್ನು ಇಲ್ಲಿ ದೇವರಿಗೆ ಒಡೆಯುತ್ತಾರೆ, ಸಾರಿಗೆ ಹಾಕುವುದು ಶೇಂಗಾ ಪುಡಿ. ಗಿರಣಿಯ ಸೈರನ್ ಕೂಗಿದಾಗ ಊರು ಏಳುತ್ತದೆ, ಕೂಗಿದಾಗ ಉಣ್ಣುತ್ತದೆ. ಗಾಳಿಯಲ್ಲಿ ಹತ್ತಿಯ ಎಳೆ ತೇಲಿಬಂದು ಒಗೆದ ಬಟ್ಟೆಗೆ ಅಂಟುತ್ತದೆ. ನನ್ನವರು ಕೆಲಸಕ್ಕೆ ಹೋದಮೇಲೆ ಇಡೀ ದಿನ ಮಾತಿಗೆ ಜನವಿಲ್ಲದೆ ನಾನು ಗೋಡೆಯ ಹಲ್ಲಿಯೊಡನೆ ತುಳುವಿನಲ್ಲಿ ಮಾತಾಡಿದ್ದುಂಟು. ಲೋನ್ಲಿ ಅನ್ನುವ ಇಂಗ್ಲಿಷ್ ಪದಕ್ಕೆ ಕ್ಲಾಸಿನಲ್ಲಿ ಟ್ರಾನ್ಸ್‌ಲೇಷನ್ ಬರೆದಿದ್ದೆ. ಅದರ ಅರ್ಥ ತಿಳಿದದ್ದು ಆ ಅಡುಗೆಮನೆಯಲ್ಲಿ.

ನನ್ನನ್ನು ಅಲ್ಲಿಂದ ಎಳೆದು ಹೊರಗೆ ತಂದವಳು ನೀಲಮ್ಮ. ಒಂದು ಮಧ್ಯಾಹ್ನ ನೇರ ಒಳಗೆ ಬಂದು, ನನ್ನ ರೊಟ್ಟಿ ಹಂಚಿನ ಮೇಲೆ ನಾಲ್ಕು ಹೋಳಾಗಿ ಬಿದ್ದಿದ್ದನ್ನು ಕಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದೇನ್ ಅಕ್ಕಾ, ರೊಟ್ಟಿನೋ, ಆಸ್ತಿ ಪಾಲೋ?"

"ಹಿಟ್ಟು ಸರಿಯಿಲ್ಲ ಅನಿಸುತ್ತದೆ."

"ಹಿಟ್ಟು ಸರಿ ಐತೆ, ಕೈ ಸರಿಯಿಲ್ಲ. ಸರೀರಿ." ಬಿಸಿನೀರು ಹೊಯ್ದು ಹಿಟ್ಟು ನಾದಿ, ತಟ್ಟಿ, ತಿರುಗಿಸಿ, ಒಂದು ಹುಣ್ಣಿಮೆಯನ್ನು ಹಂಚಿನ ಮೇಲೆ ಹಾಕಿದಳು. ತಿಂಗಳು ಕಳೆಯುವ ಹೊತ್ತಿಗೆ ನನ್ನದೂ ಉಬ್ಬತೊಡಗಿತು. ಆ ದಿನ ಮೊದಲ ರೊಟ್ಟಿಯನ್ನು ಫಾತಿಮಾಬೀಗೆ ಒಯ್ದು ಕೊಟ್ಟು, ಮೆಡಲ್ ಬಂದವಳ ಹಾಗೆ ನಿಂತಿದ್ದೆ.

ನೀಲಮ್ಮನ ತವರು ಮಲೆಬೆನ್ನೂರಿನ ಆಚೆ ಒಂದು ಹಳ್ಳಿ. ಗಂಡ ಚನ್ನಬಸಪ್ಪ ಗಿರಣಿಯಲ್ಲಿ ಅರಳೆ ಬಿಡಿಸುವ ಕಡೆ ದುಡಿಯುತ್ತಿದ್ದ, ಮಾತು ಕಡಿಮೆ. ಇಬ್ಬರು ಹೆಣ್ಣುಮಕ್ಕಳು. ನೀಲಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು, ಆದರೆ ಒಡಪು ಕಟ್ಟುವುದರಲ್ಲಿ ಇಡೀ ಓಣಿಗೆ ಎತ್ತಿದ ಕೈ. ಯಾರ ಮನೆಯ ಮದುವೆಯಾದರೂ ಆಕೆಯನ್ನು ಕರೆದೇ ಕರೆಯುತ್ತಿದ್ದರು. ನನಗೂ ಕಲಿಸಲು ನೋಡಿದಳು. "ಸಂಜೀವ ಅಂದ್ರೆ ಪ್ರಾಸ ಭಾಳ ಸಿಗ್ತಾವ ಅಕ್ಕಾ, ಒಂದು ಕಟ್ರಿ" ಎನ್ನುತ್ತಿದ್ದಳು. ನನಗೆ ಎರಡನೇ ಸಾಲು ದಾಟಲು ಆಗುತ್ತಿರಲಿಲ್ಲ.

ಬೇಸಗೆಯ ಸಂಜೆ ನಾವು ಮೂವರೂ ಫಾತಿಮಾಬೀಯ ಜಗಲಿಯ ಮೇಲೆ ಶೇಂಗಾ ಸುಲಿಯುತ್ತಾ ಕೂರುತ್ತಿದ್ದೆವು. ಒಮ್ಮೆ ನೀಲಮ್ಮ ಕೇಳಿದಳು, "ಅಕ್ಕಾ, ನೀವು ಗಂಡಸರ ಮುಂದೆ ಹಿಂಗೆ ಎದಿ ಸೆಟೆಸಿ ನಡೀತೀರಲ್ಲ, ಹೆಂಗೆ ಬರ್ತೈತೆ ಅದು? ಕಾನ್ವೆಂಟಾಗೆ ಕಲಿಸಿದ್ರಾ?"

ಹೌದು ಎಂದೇ ನಾನೂ ತಿಳಿದಿದ್ದೆ. ಆಮೇಲೆ ನಮ್ಮ ಮನೆಯ ಕಥೆ ಹೇಳಿದೆ. ನಿಮಗೆ ಗೊತ್ತಿರುವ ಕಥೆಯೇ. ನಮ್ಮದು ಅಳಿಯಸಂತಾನದ ಕಟ್ಟು. ಮನೆ ಅಜ್ಜಿಯದು, ಅಜ್ಜಿಯಿಂದ ಅಮ್ಮನದು, ಅಮ್ಮನಿಂದ ನಮ್ಮ ಅಕ್ಕತಂಗಿಯರದು. ಅಮ್ಮನ ಅಣ್ಣ, ನಮ್ಮ ದೊಡ್ಡ ಮಾವ, ಮನೆಯ ಯಜಮಾನಿಕೆ ನೋಡಿಕೊಳ್ಳುತ್ತಿದ್ದರು. ಆದರೆ ಅವರ ಹೆಂಡತಿ ಮಕ್ಕಳಿಗೆ ಆ ಮನೆಯಲ್ಲಿ ಪಾಲಿಲ್ಲ. ನನ್ನ ತಂದೆಗೂ ಅಲ್ಲಿ ಮರ್ಯಾದೆಯಿತ್ತು, ಹಕ್ಕಿರಲಿಲ್ಲ.

ನೀಲಮ್ಮ ಶೇಂಗಾ ಕೈಬಿಟ್ಟಳು. "ಹೆಣ್ಮಕ್ಕಳ ಮನಿ? ಗಂಡು ಹುಟ್ಟಿದ್ರೆ ಅಳ್ತೀರೇನು ನೀವು?"

"ನಮ್ಮಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದು" ಎಂದಳು ಫಾತಿಮಾಬೀ. "ಶರೀಯತ್ತಿನಾಗೆ ಬರೆದೈತೆ. ಅಬ್ಬಾ ತೀರಿಕೊಂಡಾಗ ಅಣ್ಣತಮ್ಮಂದಿರು ಬಿಟ್ಟುಕೊಡು ಅಂದ್ರು. ನಾನು ಬಿಡಲಿಲ್ಲ. ಈ ಮೂರು ಮನೆ ಅದೇ. ಈದ್‌ಗೆ ಅವರು ಇವತ್ತಿಗೂ ನನ್ನ ಹೊಸಿಲು ತುಳಿಯಲ್ಲ. ಸೂರು ನಂದು, ಅದೊಂದು ನಿಜ."

"ನಮ್ಮಾಗೆ ಪಂಚಮಿಗೆ ಒಂದು ಸೀರಿ" ಎಂದು ನೀಲಮ್ಮ ನಕ್ಕಳು.

ಕಾನ್ವೆಂಟಿನ ಸಿವಿಕ್ಸ್ ಪುಸ್ತಕದಲ್ಲಿ ಕಾನೂನು ಎಂದರೆ ಪಾರ್ಲಿಮೆಂಟ್, ಜಡ್ಜು, ಪೊಲೀಸ್. ಆ ಜಗಲಿಯ ಮೇಲೆ ಕೂತಾಗ ನನಗೆ ಹೊಳೆಯಿತು: ನಾವು ಮೂವರು ಒಂದೇ ನಲ್ಲಿಯ ನೀರು ಕುಡಿಯುತ್ತಾ ಮೂರು ಕಾನೂನುಗಳ ಕೆಳಗೆ ಬಾಳುತ್ತಿದ್ದೆವು. ಯಾರು ಯಾರ ಮನೆಗೆ ಹೇಳದೆ ಹೋಗಬಹುದು, ಯಾರು ಬಾಗಿಲಲ್ಲಿ ನಿಲ್ಲಬೇಕು, ಯಾವ ಹೆಣ್ಣು ತಲೆಯೆತ್ತಿ ನಡೆಯಬೇಕು, ಯಾವ ಅಣ್ಣ ಮುನಿಸಿಕೊಳ್ಳಬೇಕು, ಎಲ್ಲವೂ ಅದರಿಂದಲೇ ಹೊರಟದ್ದು. ನನ್ನ ಧೈರ್ಯ ನನ್ನದಾಗಿರಲಿಲ್ಲ. ಅದು ನನ್ನ ಅಜ್ಜಿಯ ಮನೆಯ ಕಂಬಗಳದ್ದು.

ಐವತ್ತಾರರಲ್ಲಿ ಎರಡು ಬದಲಾವಣೆ ಒಂದೇ ವರ್ಷ ಬಂದವು. ದಿಲ್ಲಿಯಲ್ಲಿ ಹಿಂದೂ ಉತ್ತರಾಧಿಕಾರದ ಕಾನೂನು ಆಯಿತು. ತಂದೆ ತಾನು ದುಡಿದು ಗಳಿಸಿದ ಆಸ್ತಿಯಲ್ಲಿ ಮಗನಷ್ಟೇ ಪಾಲು ಮಗಳಿಗೂ. ನವೆಂಬರಿನಲ್ಲಿ ರಾಜ್ಯಗಳ ಗಡಿ ತಿದ್ದಿದರು. ಮಂಗಳೂರು, ಹೊಳೆಯ ಆಚೆ ದಡ, ದಾವಣಗೆರೆ ಎಲ್ಲ ಒಂದೇ ಮೈಸೂರು. ನಾನು ಕೂತಲ್ಲೇ ಕೂತಿದ್ದೆ, ನನ್ನ ತವರಿನ ಅಡ್ರೆಸ್ ಬದಲಾಯಿತು. ಓಣಿಯವರು ನನ್ನನ್ನು ಮದ್ರಾಸಿನಾಕಿ ಎನ್ನುವುದು ಬಿಟ್ಟು ಮಂಗಳೂರಮ್ಮ ಎನ್ನತೊಡಗಿದರು. ಮೊದಲನೆಯ ಸುದ್ದಿ ಮಾತ್ರ ಓಣಿಗೆ ಬಂದು ಮುಟ್ಟಲು ಹೆಚ್ಚು ಕಾಲ ಬೇಕಾಯಿತು.

ಅದು ಮುಟ್ಟಿದ್ದು ನೀಲಮ್ಮನ ಅಪ್ಪ ತೀರಿಕೊಂಡಾಗ. ಅಷ್ಟರಲ್ಲಿ ಆ ಊರಿನ ಹೊಲಗಳಿಗೆ ಭದ್ರಾ ಕಾಲುವೆಯ ನೀರು ಬಂದಿತ್ತು, ಜೋಳ ಬೆಳೆಯುತ್ತಿದ್ದಲ್ಲಿ ಭತ್ತ ನಿಂತಿತ್ತು. ಅಪ್ಪ ಕೂಲಿ ಮಾಡಿ, ಕಲ್ಲು ಆರಿಸಿ, ತಾನೇ ಕೊಂಡು ತಿದ್ದಿದ ಭೂಮಿ ಅದು. ತಾಯಿ ಎಂದೋ ಹೋಗಿದ್ದಳು. ಉಳಿದವರು ಅಣ್ಣ ರುದ್ರಪ್ಪ, ಮತ್ತೆ ನೀಲಮ್ಮ.

ಕರ್ಮಗಳೆಲ್ಲ ಮುಗಿದು ಸ್ವಲ್ಪ ಕಾಲವಾದ ಮೇಲೆ ರುದ್ರಪ್ಪ ಬಂದ. ಹಸಿರು ಇಳಕಲ್ ಸೀರೆ, ಅರಿಶಿನ ಕುಂಕುಮದ ಪೊಟ್ಟಣ, ಹೂವು. ಒಳ್ಳೆಯ ಮನುಷ್ಯ, ತಂಗಿಯೆಂದರೆ ಜೀವ. ಪ್ರತಿ ಪಂಚಮಿಗೆ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದುದನ್ನು ನಾವು ಕಂಡಿದ್ದೆವು.

"ಹರಿಹರದ ರಿಜಿಸ್ಟ್ರಿ ಆಫೀಸಿಗೆ ಹೋಗಿ ಬರಾನವ್ವ. ಒಂದು ಸಹಿ" ಅಂದ.

"ಯಾತಕ್ಕಣ್ಣ?"

"ಖಾತಿ ನನ್ನ ಹೆಸರಿಗೆ ಮಾಡಕ. ಹೊಸ ಕಾನೂನು ಬಂದೈತಂತ, ಹೆಣ್ಮಕ್ಕಳು ಹಕ್ಕು ಬಿಟ್ಟೀವಿ ಅಂತ ಬರೆದುಕೊಡಬೇಕಂತ. ಎಲ್ಲರೂ ಕೊಡ್ತಾರ. ನೀನು ಬಂದುಹೋಗಾಕೆ ನಾನಿಲ್ಲೇನು?"

ಅವನು ಸಂತೆಯ ಕೆಲಸಕ್ಕೆಂದು ಹೊರಗೆ ಹೋದಾಗ ನೀಲಮ್ಮ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಗೆ ಬಂದಳು. ನಾನು ಕಾನೂನು ಬಿಡಿಸಿ ಹೇಳಿದೆ. ಅರ್ಧ ನಿನ್ನದು, ಇದು ದಾನವಲ್ಲ, ರೈಟ್ ಅಂದೆ.

"ಹಂಗಾದ್ರೆ ಸಹಿ ಹಾಕ್ಲಿಲ್ಲ ಅಂದ್ರೆ ಅಣ್ಣ ಪಂಚಮಿಗೆ ಬರ್ತಾನೇನು? ಅದನ್ನು ಕಾನೂನಾಗೆ ಬರೆದಾರೇನು?"

ಫಾತಿಮಾಬೀ ಶೇಂಗಾ ಸಿಪ್ಪೆಯನ್ನು ಮೊರದಲ್ಲಿ ಕೇರುತ್ತಲೇ ಅಂದಳು, "ಬರಲ್ಲ. ನನ್ನ ನೋಡಿದ್ಯಲ್ಲ. ಆದ್ರೆ ಒಂದು ಕೇಳ್ತೀನಿ. ಆ ಭೂಮಿಯಾಗೆ ನಿನಗೇನು ಬೇಕು?"

ನೀಲಮ್ಮ ಸೀರೆಯ ಅಂಚನ್ನು ತಿಕ್ಕಿದಳು. "ಬದುವಿನ ಮ್ಯಾಲೆ ಒಂದು ಬೇವಿನ ಗಿಡ ಐತೆ. ನಾನು ಹುಟ್ಟಿದ ವರ್ಷ ಅಪ್ಪ ನೆಟ್ಟಿದ್ದು. ಅದರ ಕೆಳಗಿನ ಮಡಿ, ಆ ಒಂದು ತುಂಡು ಹೊಲ, ಅದರಾಗಿನ ಕಲ್ಲು ಆರಿಸಿದಾಕಿ ನಾನು. ಅದು ನಂದು ಅನ್ನಾಂಗಿರಬೇಕು. ನನ್ನ ಹುಡುಗೀರು ಒಂದಿನ ಅಲ್ಲಿಗೆ ಹೋದ್ರೆ ಯಾರೂ ಯಾಕ ಬಂದ್ರಿ ಅನಬಾರದು."

ಸಂಜೆ ಚನ್ನಬಸಪ್ಪನನ್ನು ಕೇಳಿದರೆ, "ನಿನ್ನ ಅಪ್ಪ, ನಿನ್ನ ಅಣ್ಣ. ನಾನು ಬಾಯಿ ಹಾಕಿದ್ರೆ ಅಳಿಯ ಆಸ್ತಿಗೆ ಕಣ್ಣಿಟ್ಟ ಅಂತಾರ" ಎಂದು ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ಮಾರನೆಯ ಬೆಳಿಗ್ಗೆ ಅವರೊಡನೆ ನಾನೂ ರೈಲು ಹತ್ತಿದೆ. ಜೊತೆಗೆ ಬಾ ಎಂದು ನೀಲಮ್ಮ ಕೈಹಿಡಿದಿದ್ದಳು. ದಾರಿಯಲ್ಲಿ ಅಣ್ಣ ತಂಗಿ ಎಮ್ಮೆ ಕರು ಹಾಕಿದ್ದು, ಅತ್ತಿಗೆಯ ಹಲ್ಲುನೋವು, ಹೀಗೇ ಮಾತಾಡುತ್ತಿದ್ದರು. ಆಕೆ ಏನು ನಿರ್ಧರಿಸಿದ್ದಾಳೆಂದು ನನಗೆ ತಿಳಿಯಲಿಲ್ಲ. ಆಕೆಗೂ ತಿಳಿದಿರಲಿಲ್ಲವೆಂದು ಆಮೇಲೆ ಹೇಳಿದಳು. ಹಸಿರು ಸೀರೆಯನ್ನೇ ಉಟ್ಟಿದ್ದಳು.

ಕಚೇರಿ ಒಂದು ಹಂಚಿನ ಕಟ್ಟಡ. ಹೊರಗಿನ ಕಟ್ಟೆಯ ಮೇಲೆ ಪತ್ರ ಬರೆಯುವವರು, ಒಳಗೆ ಬೆಂಚಿನ ತುಂಬ ಜನ. ಬರೆದುಕೊಡುವವರು ಅಧಿಕಾರಿಯ ಎದುರಿಗೆ ನಿಂತು, ತಾವು ಯಾರೆಂದು ಹೇಳಿ, ಇಷ್ಟಪಟ್ಟೇ ಬರೆದುಕೊಟ್ಟಿದ್ದೇವೆ ಎಂದು ಬಾಯಿಬಿಟ್ಟು ಒಪ್ಪಬೇಕು. ಅದು ಅಲ್ಲಿಯ ಕಟ್ಟಳೆ. ಪತ್ರ ಓದಿ ಹೇಳಿದ್ದಾಯಿತು. ಇನ್ನು ಸಹಿ ಮಾತ್ರ ಬಾಕಿ.

"ಹೆಸರೇನಮ್ಮ?" ಎಂದರು ಅಧಿಕಾರಿ. ಮೈಸೂರಿನ ಕಡೆಯವರು, ಕನ್ನಡಕ ಮೂಗಿನ ತುದಿಯಲ್ಲಿ.

"ನೀಲಮ್ಮ."

"ಗಂಡನ ಹೆಸರು?"

ನೀಲಮ್ಮ ತಲೆ ತಗ್ಗಿಸಿದಳು.

"ಚನ್ನಬಸಪ್ಪ ಅಂತ ಸ್ವಾಮಿ" ಎಂದ ರುದ್ರಪ್ಪ.

"ನಿಮ್ಮನ್ನು ಕೇಳಲಿಲ್ಲ. ಆಕೆಯೇ ಹೇಳಬೇಕು. ನಾಳೆ ಬೇರೆ ಯಾರನ್ನೋ ತಂದು ನಿಲ್ಲಿಸಿದ್ದರು ಅಂತ ತಕರಾರು ಬಂದರೆ?"

"ಹೇಳಲ್ರೀ ಅವರು, ಪದ್ಧತಿ ಇಲ್ಲ" ಎಂದು ಬೆಂಚಿನಿಂದ ಯಾರೋ ಕೂಗಿದರು.

"ಪದ್ಧತಿ ಮನೆಯಲ್ಲಿ. ಇಲ್ಲಿ ಹೇಳದಿದ್ದರೆ ಪತ್ರ ಆಗುವುದಿಲ್ಲ. ಮುಂದಿನವರು ಬನ್ನಿ."

ರುದ್ರಪ್ಪನಿಗೆ ಬೆವರು. ಅಷ್ಟು ದೂರದಿಂದ ಬಂದಿದ್ದಾನೆ. ತಂಗಿಯ ಭುಜ ಮುಟ್ಟಿ, ಮಗುವನ್ನು ರಮಿಸುವ ದನಿಯಲ್ಲಿ, "ಒಡಪು ಹಾಕಿ ಹೇಳವ್ವ. ಇಡೀ ಸೀಮಿಗೆ ಒಡಪು ಹೇಳಾಕಿ ನೀನು. ಒಂದು ಹೇಳಿ ಮುಗಿಸಿಬಿಡು" ಅಂದ.

ಬೆಂಚಿನ ಜನಕ್ಕೆ ಖುಷಿಯಾಯಿತು. "ಹೇಳವ್ವ, ಹೇಳು!" ಎಂದು ಒಬ್ಬ ಮುದುಕಿ ಮುಂದೆ ಸರಿದಳು. ಅಧಿಕಾರಿ ಪೆನ್ನು ಕೆಳಗಿಟ್ಟರು. ನೀಲಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಒಡಪು ಹೇಳುವಾಗ ಹೆಣ್ಣು ನೆಲ ನೋಡಬೇಕು. ಆಕೆ ಅಣ್ಣನ ಮುಖ ನೋಡಿದಳು.

"ಭದ್ರಾ ಕಾಲುವಿ ನೀರು ಬಂತು ಬದುವಿನ ಬೇವಿಗೆ,
ಅಪ್ಪ ತಿದ್ದಿದ ಮಡಿಯೊಂದಿರಲಿ ಮಗಳ ಪಾಲಿಗೆ,
ಸೀರಿ ಕುಂಕುಮ ಸಾಲದಣ್ಣ ಹೆಣ್ಣಿನ ಬಾಳಿಗೆ,
ಚನ್ನಬಸಪ್ಪನೋರ ಹೆಂಡ್ತಿ ಸಹಿ ಕೊಡಲ್ಲ ಈ ಹಾಳೆಗೆ."

ಕ್ಷಣ ಹೊತ್ತು ಯಾರಿಗೂ ಅರ್ಥವಾಗಲಿಲ್ಲ. ಪ್ರಾಸ ಕೂಡಿದ್ದಕ್ಕೆ ಮುದುಕಿ ಅಭ್ಯಾಸಬಲದಿಂದ "ಶಾಬಾಸ್!" ಎಂದುಬಿಟ್ಟಳು. ಆಮೇಲೆ ಬೆಂಚಿನ ತುಂಬ ನಗು ಎದ್ದಿತು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು, "ಗಂಡನ ಹೆಸರು ಸಿಕ್ಕಿತು, ಒಪ್ಪಿಗೆ ಸಿಕ್ಕಲಿಲ್ಲ. ಪತ್ರ ವಾಪಸ್ ತೆಗೆದುಕೊಳ್ಳಿ" ಅಂದರು.

ರುದ್ರಪ್ಪ ನಗಲೂ ಇಲ್ಲ, ಬೈಯಲೂ ಇಲ್ಲ. ತಂಗಿ ಮನೆಯ ಒಳಗೆ ಅತ್ತು ಕೇಳಿದ್ದರೆ ಸಮಾಧಾನ ಮಾಡಿ ಮುಚ್ಚಿಹಾಕುತ್ತಿದ್ದ. ನಾಲ್ಕು ಜನರ ಮುಂದೆ ಒಡಪಿನಲ್ಲಿ ಹೇಳಿದ ಮಾತನ್ನು ಕೇಳಿಸಲಿಲ್ಲ ಎಂದು ಇಲ್ಲಿ ಯಾರೂ ಅನ್ನುವಂತಿಲ್ಲ. ಪತ್ರವನ್ನು ಮಡಚಿ ಜೇಬಿಗಿಟ್ಟು, ರುಮಾಲು ಬಿಗಿದುಕೊಂಡು, ಮಲೆಬೆನ್ನೂರಿನ ಬಸ್ಸಿನ ಕಡೆ ನಡೆದುಹೋದ. ತಂಗಿಯನ್ನು ತಿರುಗಿ ನೋಡಲಿಲ್ಲ.

ರೈಲಿಗೆ ಹೊತ್ತಿತ್ತು. ನಾವು ಹೊಳೆಯ ದಡಕ್ಕೆ ಹೋಗಿ ಕೂತೆವು. ನಮ್ಮ ಘಟ್ಟದ ನೆತ್ತಿಯಲ್ಲಿ ಹುಟ್ಟಿ, ಕೂಗಳತೆಯಲ್ಲಿರುವ ನಮ್ಮ ಕಡಲಿಗೆ ಬೆನ್ನು ತಿರುಗಿಸಿ, ಇಷ್ಟು ದೂರ ಮೂಡಣಕ್ಕೆ ಹೊರಟುಬಂದ ನೀರು ಅದು. ನೀಲಮ್ಮ ಕಾಲು ಇಳಿಬಿಟ್ಟು ಕೂತು ಅಳತೊಡಗಿದಳು. "ಬಾಯಿ ತೆರೆದಾಗ ಬ್ಯಾರೆ ಒಡಪು ಹೇಳಬೇಕಂತಿದ್ದೆ ಅಕ್ಕಾ. ಇದು ತಾನೇ ಬಂತು. ಈಗ ನನಗೆ ತವರಿಲ್ಲ." ಸ್ಟೇಷನ್ನಿನ ಹತ್ತಿರ ಒಗ್ಗರಣೆ ಮಂಡಕ್ಕಿ ಕೊಂಡು, ಒಂದೇ ಪೊಟ್ಟಣದಿಂದ ತಿನ್ನುತ್ತಾ ಮನೆಗೆ ಬಂದೆವು.

ಆ ಪಂಚಮಿಗೆ ಗಾಡಿ ಬರಲಿಲ್ಲ. ಇಲ್ಲಿ ಆ ಹಬ್ಬಕ್ಕೆ ತವರಿಗೆ ಹೋಗದ ಹೆಣ್ಣಿನ ಮುಖ ನೋಡಲಾಗದು. ಮದುವೆಯಾದವರೆಲ್ಲ ಅಣ್ಣಂದಿರ ಜೊತೆ ಹೊರಟು ಓಣಿ ಖಾಲಿಯಾಗುತ್ತದೆ. ನೀಲಮ್ಮ ಬೆಳಿಗ್ಗೆಯಿಂದ ಹೊಸಿಲಲ್ಲಿ ಕೂತವಳು ಮಧ್ಯಾಹ್ನ ಎದ್ದು ಒಳಗೆ ಹೋದಳು. ಆಗ ಫಾತಿಮಾಬೀ ಬಾವಿಯ ಹಗ್ಗ ತಂದು ಜಗಲಿಯ ತೊಲೆಗೆ ಕಟ್ಟಿಸಿ, "ಬಾರೇ, ಜೋಕಾಲಿ ಆಡು. ಅಣ್ಣತಮ್ಮಂದಿರು ಇಲ್ಲದೋರ ಪಂಚಮಿ ನಾನು ಭಾಳ ಮಾಡೀನಿ" ಅಂದಳು. ನಾವು ಸರದಿಯಲ್ಲಿ ಆಕೆಯನ್ನು ತೂಗಿದೆವು. ಆಕೆ ನಕ್ಕಳೇನೋ ಹೌದು.

ಸುಗ್ಗಿ ಮುಗಿದ ಮೇಲೆ ಒಂದು ದಿನ ಗಾಡಿ ಬಂತು. ರುದ್ರಪ್ಪ ಭತ್ತದ ಚೀಲಗಳನ್ನು ಇಳಿಸಿ ಗೋಡೆಗೆ ಆನಿಸಿದ. "ಬೇವಿನ ಗಿಡದ ಕೆಳಗಿನ ಮಡೀದು. ಪಾಲುಪತ್ರ ಬರೆಸೀನಿ, ಆ ಮಡಿ ಗಿಡದ ಸಮೇತ ನಿನಗೆ. ಹರಿಹರಕ್ಕೆ ಯಾವಾಗ ಬರ್ತಿ ಹೇಳು." ನೀಲಮ್ಮ ಒಳಗೆ ಕರೆದಳು, ಬರಲಿಲ್ಲ. ಜಗಲಿಯ ಅಂಚಿನಲ್ಲಿ ಕೂತು ನೀರು ಕುಡಿದು ಹೊರಟುಹೋದ.

"ಕಾನೂನಿನಲ್ಲಿ ಅರ್ಧ ಉಂಟು, ಒಂದು ಮಡಿಗೆ ಒಪ್ಪಿದೆಯಾ?" ಎಂದು ನಾನು ರೇಗಿದೆ. ನನಗೆ ಅದು ಫೇರ್ ಅನಿಸಲಿಲ್ಲ.

"ಅರ್ಧ ಐತೆ ಅಂತ ಗೊತ್ತಾದ ಮ್ಯಾಲೆ ಒಂದು ಮಡಿ ತಗಂಡ್ರೆ ಅದು ನಾನು ತಗಂಡಂಗೆ. ಗೊತ್ತಿಲ್ಲದಾಗ ಸೀರಿ ತಗಂಡ್ರೆ ಅವರು ಕೊಟ್ಟಂಗೆ" ಎಂದಳು. ನಾನು ಈಗಲೂ ಪೂರ್ತಿ ಒಪ್ಪುವುದಿಲ್ಲ.

ಅದೇ ಬೇಸಗೆ ನಮ್ಮ ದೊಡ್ಡ ಮಾವ ತೀರಿಕೊಂಡು ಮನೆ ಪಾಲಾದ ಸುದ್ದಿ ಬಂದು ಊರಿಗೆ ಹೋದೆ. ಹೊಸ ಕಾನೂನು ಅಲ್ಲಿಗೂ ಬಂದು ಕೂತಿತ್ತು. ಮೊದಲಾಗಿದ್ದರೆ ಮಾವನ ಪಾಲು ಅಮ್ಮನ ಕುಟುಂಬದಲ್ಲೇ ಉಳಿಯುತ್ತಿತ್ತು. ಈಗ ಅವರ ಹೆಂಡತಿ ಮಕ್ಕಳಿಗೆ. ಉತ್ತರದ ದಿಕ್ಕಿನ ಕೋಣೆಗಳು, ನಾನು ಹುಟ್ಟಿದ ಕೋಣೆಯೂ ಸೇರಿ, ಅವರ ಪಾಲಿಗೆ ಬಂದಿದ್ದವು. ಬಾಗಿಲು ತೆರೆದವಳು ಮಾವನ ಮಗಳು ಸುಮತಿ. ಬಾಲ್ಯದಲ್ಲಿ ರಜೆಗೆ ಬಂದು ಎರಡು ದಿನ ಇದ್ದು, ಹೋಗುವಾಗ ತಿರುತಿರುಗಿ ನೋಡುತ್ತಿದ್ದ ಹುಡುಗಿ. ಅವಳು ಯಾಕೆ ಹಾಗೆ ನೋಡುತ್ತಿದ್ದಳೆಂದು ನಾನು ಕೇಳಿರಲಿಲ್ಲ. ತನ್ನ ತಂದೆಯೇ ಯಜಮಾನನಾಗಿದ್ದ ಮನೆಯಲ್ಲಿ ಅವಳು ಗೆಸ್ಟ್ ಆಗಿದ್ದಳು.

"ಬನ್ನಿ ಅಕ್ಕ, ಒಳಗೆ ಬನ್ನಿ" ಅಂದಳು. ನನ್ನ ಮನೆಯ ಬಾಗಿಲಲ್ಲಿ ಬೇರೆಯವರು ನನಗೆ ಬನ್ನಿ ಎಂದದ್ದು ಅದೇ ಮೊದಲು. ನಾನು ಒಳಗೆ ಹೋಗಲಿಲ್ಲ. ಜಗಲಿಯ ಅಂಚಿನಲ್ಲಿ ಕೂತೆ. ಅವಳು ಬೆಲ್ಲ, ನೀರು ತಂದಳು. ಕುಡಿಯುವಾಗ ರುದ್ರಪ್ಪನ ನೆನಪಾಯಿತು. ದಾವಣಗೆರೆಯಲ್ಲಿ ಯಾವ ಕಾನೂನನ್ನು ನಾನು ಬಾಯ್ತುಂಬ ಹೊಗಳಿದ್ದೆನೋ ಅದು ಇಲ್ಲಿ ನನ್ನ ಅಜ್ಜಿಯ ಕಂಬಗಳನ್ನು ಎಣಿಸಿ ಹಂಚಿತ್ತು. ಅಲ್ಲಿ ಹೊರಗೆ ನಿಂತವಳು ನೀಲಮ್ಮ, ಇಲ್ಲಿ ಸುಮತಿ. ಎರಡೂ ಕಡೆ ಒಂದೇ ಕೈ ಬಾಗಿಲು ತೆರೆದಿತ್ತು. ನನಗೆ ನೋವಾಯಿತು. ಆದರೆ ಆ ಕಾನೂನು ತಪ್ಪು ಎಂದು ಅನಿಸಲಿಲ್ಲ. ನೀರಿನ ಲೋಟ ಹಿಡಿದುಕೊಂಡೇ ಎದ್ದು ಒಳಗೆ ಹೋದೆ. ಸುಮತಿ ಅತ್ತಳು, ನಾನೂ ಅತ್ತೆ.

ವಾಪಸ್ ಬಂದಮೇಲೆ ರುದ್ರಪ್ಪ ಮತ್ತೆ ಬಂದು ಜಗಲಿಯಲ್ಲಿ ಕೂತಿದ್ದಾಗ ಅವನಿಗೆ ಇದನ್ನೆಲ್ಲ ಹೇಳಿದೆ. "ಕೂತಲ್ಲಿಂದ ಏಳುವುದೇ ಕಷ್ಟ ರುದ್ರಪ್ಪ. ಎದ್ದಮೇಲೆ ಏನೂ ಇಲ್ಲ" ಅಂದೆ. ಅವನು ಕೇಳಿಕೊಂಡು, "ನೀವು ಮಂಗಳೂರೋರು, ನಿಮ್ಮದು ಬ್ಯಾರೆ ಬಿಡ್ರಿ" ಎಂದು ಗಾಡಿ ಹೂಡಿದ.

ಆದರೆ ಆ ಶ್ರಾವಣದಲ್ಲಿ ಪಂಚಮಿಯ ಹಿಂದಿನ ದಿನ ಎತ್ತಿನ ಗಂಟೆ ಕೇಳಿತು. ರುದ್ರಪ್ಪ ಚಪ್ಪಲಿ ಬಿಟ್ಟು ನೇರ ನಡುಮನೆಗೆ ಹೋಗಿ, "ರೊಟ್ಟಿ ಹಾಕು, ಹಸಿವಾಗೈತೆ. ಉಂಡು ಹೊರಡಾನ. ಜೋಕಾಲಿ ಕಟ್ಟೀನಿ" ಅಂದ.

"ಎಲ್ಲಿ ಕಟ್ಟಿಯಣ್ಣ?" ಒಲೆಯ ಮುಂದಿನಿಂದ ನೀಲಮ್ಮನ ದನಿ.

"ನಿನ್ನ ಗಿಡಕ್ಕ. ಮಾಲೀಕಳನ್ನ ಕೇಳದೆ ಕಟ್ಟಿದ್ದಕ್ಕೆ ಹರಿಹರಕ್ಕೆ ಎಳೀತೀಯೇನು?"

ನನ್ನನ್ನೂ ಕರೆದೊಯ್ದರು. ಭತ್ತದ ಮಡಿಯ ಬದುವಿನಲ್ಲಿ, ಕಾಲುವೆಯ ನೀರಿನ ಸದ್ದಿನ ಪಕ್ಕ, ಆ ಬೇವಿನ ಟೊಂಗೆಯಿಂದ ಹಗ್ಗ ಇಳಿದಿತ್ತು. ನನ್ನನ್ನು ಕೂರಿಸಿ, ಹಗ್ಗ ಹಿಡಿದುಕೊಂಡು, ಹೆಸರು ಹೇಳದೆ ಬಿಡುವುದಿಲ್ಲ ಎಂದರು. ಎಷ್ಟೋ ವರ್ಷದಿಂದ ಎರಡನೇ ಸಾಲು ದಾಟದ ನನಗೆ ಅಂದು ನಾಲ್ಕೂ ಬಂದವು.

"ಕಡಲಿಗೆ ಬೆನ್ನು ತಿರುಗಿಸಿ ಬಂತು ಹೊಳೆಯು ಹರಿಹರದೆಡೆಗೆ,
ಕುಚ್ಚಲಕ್ಕಿ ಉಂಡ ಬಾಯಿ ಒಗ್ಗಿತು ರೊಟ್ಟಿಯ ರುಚಿಗೆ,
ಎರಡೂರಿನ ನಡುವೆ ಒಂದು ಜೋಕಾಲಿ ನನ್ನ ಪಾಲಿಗೆ,
ಅತ್ತಲೊಮ್ಮೆ ಇತ್ತಲೊಮ್ಮೆ ಸಂಜೀವ ಶೆಟ್ಟರ ಮನೆಗೆ."

"ಈಗ ನೋಡ್ರಿ ನಮ್ಮೂರಾಕಿ ಆದ್ರಿ!" ಎಂದು ನೀಲಮ್ಮ ಕೂಗಿ ಹಗ್ಗ ಬಿಟ್ಟಳು.

ಆದೆನೋ ಇಲ್ಲವೋ. ನಿಮ್ಮ ಊರಿಗೆ ಬಂದಾಗ ಸುಮತಿಯ ಮೊಮ್ಮಕ್ಕಳು ದಾವಣಗೆರೆ ಅಜ್ಜಿ ಬಂದರು ಎನ್ನುತ್ತವೆ, ಇಲ್ಲಿ ನಾನು ಇವತ್ತಿಗೂ ಮಂಗಳೂರಮ್ಮ. ಫಾತಿಮಾಬೀ ಹೋದಳು, ನೀಲಮ್ಮನೂ ಹೋದಳು. ಆ ಮಡಿಯನ್ನು ಆಕೆಯ ಹೆಣ್ಣುಮಕ್ಕಳು ಉಳಿಸಿಕೊಂಡಿದ್ದಾರೆ. ನನ್ನವರು ಹೋಗಿಯೂ ಬಹಳ ಕಾಲವಾಯಿತು. ಗಂಡ ಇಲ್ಲದವಳನ್ನು ಇಲ್ಲಿ ಯಾರೂ ಒಡಪು ಕೇಳುವುದಿಲ್ಲ, ಆದ್ದರಿಂದ ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವ ಸಂದರ್ಭವೇ ಇಲ್ಲ.

ಕಳೆದ ತಿಂಗಳು ಪಕ್ಕದ ಮನೆಗೆ ಹೊಸದಾಗಿ ಮದುವೆಯಾದ ಜೋಡಿ ಬಂತು. ಹುಡುಗಿ ಪರಿಚಯಕ್ಕೆಂದು ಬಾಗಿಲಿಗೆ ಬಂದಳು. "ನಿಮ್ಮ ಮನೆಯೋರ ಹೆಸರೇನವ್ವ?" ಎಂದು ಕೇಳಿದೆ. ನನ್ನ ಕಣ್ಣಲ್ಲಿ ಕಣ್ಣಿಟ್ಟು, "ಪ್ರಶಾಂತ್ ಅಂತ, ಅಜ್ಜಿ" ಎಂದಳು. ಅವಳ ಹಿಂದೆ ನಿಂತಿದ್ದ ಹೆಂಗಸರು ಯಾರೂ ಬೆಚ್ಚಲಿಲ್ಲ. ನನ್ನ ಕೈ ಮಾತ್ರ, ನನಗೆ ತಿಳಿಯುವ ಮೊದಲೇ, ಸೆರಗನ್ನು ಎತ್ತಿ ಬಾಯಿಗೆ ಒಯ್ದಿತ್ತು.